ಮರ್ಕೆರಾ ಎಂದರೂ ಮಡಿಕೇರಿಯೇ: ಆರ್ಥಿಕ ನಿರ್ಬಂಧದ ದಂಡಗಳಿಂದ ವ್ಯಾಪಾರಿ ಕಲಿಯಬೇಕಾದದ್ದು

ಅಧ್ಯಕ್ಷರೇ, ಬೆಳೆಗಾರ ಬಂಧುಗಳೇ, ವರ್ತಕ ಮಿತ್ರರೇ,

ರೊಬಸ್ಟಾ ಕೊಯ್ಲಿನ ನಡುವೆ, ಕಣದಲ್ಲಿ ಕಾಫಿ ಹರಡಿಟ್ಟು, ಮೋಡ ಕಟ್ಟದಿರಲಿ ಎಂದು ಆಕಾಶ ನೋಡುತ್ತಲೇ ನೀವು ಮಡಿಕೇರಿಗೆ ಬಂದಿದ್ದೀರಿ ಎಂಬುದು ನನಗೆ ಗೊತ್ತು. ಆಹ್ವಾನ ಪತ್ರಿಕೆ ಕಂಡ ಗೆಳೆಯರೊಬ್ಬರು, ಅಮೆರಿಕದ ಖಜಾನೆ ಇಲಾಖೆ ಯಾರಿಗೋ ದಂಡ ಹಾಕಿದರೆ ಸುಂಟಿಕೊಪ್ಪದ ಬೆಳೆಗಾರನಿಗೆ ಅದರಿಂದ ಆಗಬೇಕಾದದ್ದೇನು ಎಂದು ಕೇಳಿದರು. ಕಾಫಿಯ ಮೇಲೆ ಯಾರೂ ನಿರ್ಬಂಧ ಹೇರಿಲ್ಲ, ನಿಜ. ಆದರೆ ಕಾಫಿ ಸಾಗುವ ಹಡಗು, ಅದರ ವಿಮೆ, ಅದರ ಹಣ ಹಾದುಬರುವ ಬ್ಯಾಂಕು, ಸರಕು ಇಳಿಸಿಕೊಳ್ಳುವ ಕೈ, ಇವುಗಳಲ್ಲಿ ಯಾವುದಾದರೊಂದು ನಿರ್ಬಂಧದ ಪಟ್ಟಿಯಲ್ಲಿ, ಅಂದರೆ ಇವರೊಂದಿಗೆ ವ್ಯವಹರಿಸಬಾರದೆಂದು ಹೊರಡಿಸಿದ ಪಟ್ಟಿಯಲ್ಲಿ, ಇದ್ದರೆ ಕಾಫಿ ಎಷ್ಟೇ ಒಳ್ಳೆಯದಿದ್ದರೂ ದುಡ್ಡು ಬಾರದು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ರೂಪಾಯಿ ವ್ಯವಹಾರದ ಆ ದೊಡ್ಡ ಗಿರಾಕಿಯನ್ನು ಕಳೆದುಕೊಂಡ ನೆನಪು ಇಲ್ಲಿರುವ ಹಿರಿಯರಿಗಿದೆ. 2022ರ ಮಾರ್ಚಿನಲ್ಲಿ ರಷ್ಯಾದ ಹಲವು ಬ್ಯಾಂಕುಗಳನ್ನು, ಬ್ಯಾಂಕುಗಳು ಹಣದ ಸಂದೇಶ ಕಳಿಸುವ ಸ್ವಿಫ್ಟ್ ಜಾಲದಿಂದ ಹೊರಗಿಟ್ಟಾಗ ಅದೇ ನೆನಪು ಮತ್ತೆ ಕದಲಿತು.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದವನು. ಅಲ್ಲಿದ್ದಾಗ ನನ್ನಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ರಫ್ತುದಾರರೊಬ್ಬರಿಗೆ ದುಬೈನಿಂದ ಬರಬೇಕಾದ ಹಣ ನಡುವಿನ ನ್ಯೂಯಾರ್ಕಿನ ಬ್ಯಾಂಕಿನಲ್ಲಿ ನಿಂತುಬಿಟ್ಟಿತು. ಕೊಳ್ಳುಗನ ಹೆಸರು ಪಟ್ಟಿಯಲ್ಲಿದ್ದ ಇನ್ನಾರದೋ ಹೆಸರಿಗೆ ಹೋಲುತ್ತಿತ್ತು, ಅಷ್ಟೇ ಕಾರಣ. ಆ ಹಿರಿಯರು ದಿನವೂ ಹತ್ತೂವರೆಗೆ ಬಂದು ನನ್ನ ಮೇಜಿನ ಮುಂದೆ ಕೂತು, "ಸ್ವಾಮಿ, ನನ್ನ ಕಾಫಿಯಲ್ಲಿ ಏನು ತಪ್ಪು ಕಂಡರು?" ಎಂದು ಕೇಳುತ್ತಿದ್ದರು. ಔಟ್‌ಟರ್ನ್ ಚೀಟಿಯನ್ನೂ ಜೊತೆಗೆ ತರುತ್ತಿದ್ದರು, ಕಾಫಿಯ ಗುಣಮಟ್ಟ ತೋರಿಸಿದರೆ ನ್ಯೂಯಾರ್ಕಿನ ಬ್ಯಾಂಕು ಕರಗೀತು ಎಂಬಂತೆ. ನಲವತ್ತೇಳು ದಿನ ಹೀಗೆಯೇ ನಡೆಯಿತು. ಕೊನೆಗೆ ಹಣ ಬಿಡಿಸಿದ್ದು ಆ ಕೊಳ್ಳುಗನ ವ್ಯಾಪಾರ ಪರವಾನಗಿಯ ಒಂದು ಪ್ರತಿ. ಅದರಲ್ಲಿ ಮಾಲೀಕರ ಹೆಸರು, ಜನ್ಮದಿನಾಂಕ, ರಾಷ್ಟ್ರೀಯತೆ ಎಲ್ಲವೂ ಇದ್ದವು. ಆ ಪ್ರತಿ ಮೊದಲ ದಿನದಿಂದಲೂ ನನ್ನ ಮೇಜಿನ ಎರಡನೆಯ ಖಾನೆಯಲ್ಲೇ ಇತ್ತು. ಕೇಳಿದ್ದು ಇನ್‌ವಾಯ್ಸ್ ಮಾತ್ರ ಎಂದು ನಾನು ಅಷ್ಟನ್ನೇ ಕಳಿಸಿ ಸುಮ್ಮನಿದ್ದೆ.

ಮಾಹಿತಿ ಮನೆಯೊಳಗೇ ಇತ್ತು. ಈ ಮಾತನ್ನು ನಾನು ಇಂದು ಮತ್ತೆ ಮತ್ತೆ ಹೇಳುವವನಿದ್ದೇನೆ, ಬೇಸರಿಸಬೇಡಿ. ಅಮೆರಿಕದ ವಿದೇಶಿ ಆಸ್ತಿ ನಿಯಂತ್ರಣ ಕಚೇರಿ, ಅಂದರೆ ಓಫ್ಯಾಕ್, ತಾನು ಹಾಕಿದ ದಂಡಗಳ ಬಗ್ಗೆ ಹೊರಡಿಸುವ ಪ್ರಕಟಣೆಗಳನ್ನು ಓದುತ್ತ ಹೋದರೆ ಕಳ್ಳರ ಕಥೆಗಳಿಗಿಂತ ಹೆಚ್ಚಾಗಿ ಎದುರಾಗುವುದು ಒಂದು ಮೇಜಿನಲ್ಲಿದ್ದ ಕಾಗದ ಇನ್ನೊಂದು ಮೇಜಿಗೆ ಹೋಗದ ಕಥೆಗಳು.

ಆಪಲ್ ಕಂಪನಿಯದನ್ನೇ ನೋಡಿ. ಸ್ಲೊವೇನಿಯಾದ ಒಂದು ಆ್ಯಪ್ ತಯಾರಿಕಾ ಸಂಸ್ಥೆಯನ್ನು 2015ರ ಫೆಬ್ರವರಿಯಲ್ಲಿ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಯಲ್ಲಿ ಅದರ ಹೆಸರಿನ ಕೊನೆಯ ಮೂರು ಅಕ್ಷರಗಳು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುನಡುವೆ ಚುಕ್ಕಿಗಳೊಂದಿಗೆ ಇದ್ದವು. ಆಪಲ್‌ನ ದಾಖಲೆಯಲ್ಲಿ ಅವೇ ಅಕ್ಷರಗಳು ದೊಡ್ಡವಾಗಿ, ಚುಕ್ಕಿಯಿಲ್ಲದೆ ಇದ್ದವು. ಜಗತ್ತಿಗೆ ಫೋನು ಮಾಡಿಕೊಟ್ಟ ಕಂಪನಿಯ ಯಂತ್ರಕ್ಕೆ ಇವೆರಡೂ ಒಂದೇ ಎಂದು ಹೊಳೆಯಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅದೇ ಪಟ್ಟಿಯಲ್ಲಿದ್ದ ಆ ಸಂಸ್ಥೆಯ ಮಾಲೀಕನ ಹೆಸರು ಆಪಲ್‌ನ ದಾಖಲೆಯಲ್ಲಿ ಖಾತೆಯ ನಿರ್ವಾಹಕ ಎಂಬ ಅಂಕಣದಲ್ಲಿ ಇದ್ದೇ ಇತ್ತು, ಆದರೆ ತಪಾಸಣೆಯ ಯಂತ್ರ ಆ ಅಂಕಣವನ್ನು ನೋಡುತ್ತಲೇ ಇರಲಿಲ್ಲ. 2019ರಲ್ಲಿ ಆಪಲ್ 4,66,912 ಡಾಲರ್ ಕಟ್ಟಿತು. ಆಪಲ್‌ಗೆ ಅದು ಚಿಲ್ಲರೆ ಕಾಸು, ನಮಗಲ್ಲ.

2020ರಲ್ಲಿ ಅಮೆಜಾನ್ ಕಟ್ಟಿದ್ದು 1,34,523 ಡಾಲರ್. ಅಮೆರಿಕದ ನಿರ್ಬಂಧಕ್ಕೊಳಗಾದ ಕ್ರಿಮಿಯಾದಿಂದ ಬರುವ ಬೇಡಿಕೆಗಳನ್ನು ತಡೆಯಬೇಕಿದ್ದ ಅವರ ಯಂತ್ರಕ್ಕೆ ಇಂಗ್ಲಿಷಿನ 'ಸಿ' ಅಕ್ಷರದಿಂದ ಆರಂಭವಾಗುವ ಕ್ರಿಮಿಯಾ ಮಾತ್ರ ತಿಳಿದಿತ್ತು. ಗಿರಾಕಿಗಳು ವಿಳಾಸದಲ್ಲಿ 'ಕೆ' ಅಕ್ಷರ ಹಾಕಿ ಬರೆದಾಗ ಅದು ಕೈಮುಗಿದು ಒಳಗೆ ಬಿಟ್ಟುಕೊಂಡಿತು.

ಇದನ್ನು ಕೇಳಿ ನಗುವ ಹಕ್ಕು ಕೊಡಗಿನವರಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಇದೆ. ಮರ್ಕೆರಾ ಎಂದರೂ ಮಡಿಕೇರಿಯೇ, ಫ್ರೇಜರ್‌ಪೇಟೆ ಎಂದರೂ ಕುಶಾಲನಗರವೇ, ಕೂರ್ಗ್ ಎಂದರೂ ಕೊಡಗೇ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಪಹಣಿಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೂರನೆಯದು ಇಟ್ಟುಕೊಂಡು ಕಚೇರಿ ಅಲೆಯದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ? ಒಂದು ಕೈಯೂ ಮೇಲೇಳಲಿಲ್ಲ, ಸಂತೋಷ. ಇದರ ಇನ್ನೊಂದು ಮುಖವನ್ನೂ ನಾವು ಬಲ್ಲೆವು. ನಮ್ಮ ಬಸ್ ನಿಲ್ದಾಣದಲ್ಲಿ ನಿಂತು "ಕಾರ್ಯಪ್ಪ" ಎಂದು ಕೂಗಿದರೆ ನಾಲ್ಕು ತಲೆಗಳಾದರೂ ತಿರುಗುತ್ತವೆ, ಅದಕ್ಕೇ ಮನೆತನದ ಹೆಸರನ್ನು ಮೊದಲು ಹೇಳುತ್ತೇವೆ. ನಿರ್ಬಂಧದ ಪಟ್ಟಿಗಳಲ್ಲಿ ಹೆಸರಿನ ಜೊತೆಗೆ ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಅಡ್ಡಹೆಸರುಗಳನ್ನು ಕೊಡುವುದೂ ಇದೇ ಕಾರಣಕ್ಕೆ. ಹೆಸರೊಂದನ್ನೇ ನೋಡುವವನು ತಪ್ಪು ಕಾರ್ಯಪ್ಪನನ್ನು ತಡೆಯುತ್ತಾನೆ, ಸರಿಯಾದವನನ್ನು ಬಿಟ್ಟುಬಿಡುತ್ತಾನೆ.

ಈಗ ನನಗೆ ಬಹಳ ಪ್ರಿಯವಾದ ಪ್ರಕರಣಕ್ಕೆ ಬರುತ್ತೇನೆ, ಅದು ಕೃತಕ ರೆಪ್ಪೆಗೂದಲಿನದು. ಅಧ್ಯಕ್ಷರು ನಗುತ್ತಿದ್ದಾರೆ. ಅಮೆರಿಕದ ಎಲ್ಫ್ ಎಂಬ ಸೌಂದರ್ಯ ಸಾಧನಗಳ ಕಂಪನಿ ಚೀನಾದ ಇಬ್ಬರು ಪೂರೈಕೆದಾರರಿಂದ ಹೆಂಗಸರು ಅಂಟಿಸಿಕೊಳ್ಳುವ ರೆಪ್ಪೆಗೂದಲಿನ ಕಿಟ್‌ಗಳನ್ನು ತರಿಸುತ್ತಿತ್ತು. 2012ರಿಂದ 2017ರ ಜನವರಿಯವರೆಗೆ 156 ಸಲ, ಸುಮಾರು 44 ಲಕ್ಷ ಡಾಲರಿನ ಸರಕು ಬಂದಿಳಿಯಿತು. ಆ ಪೂರೈಕೆದಾರರ ಕಿಟ್‌ಗಳಲ್ಲಿ ಶೇಕಡ 80ರಷ್ಟರಲ್ಲಿ ಉತ್ತರ ಕೊರಿಯಾದ ಸಾಮಗ್ರಿ ಇತ್ತು ಎಂಬುದು ಆಮೇಲೆ ಹೊರಬಿತ್ತು. ಹಾಗೆಂದು ಕಂಪನಿ ತಪಾಸಣೆಯನ್ನೇ ಮಾಡುತ್ತಿರಲಿಲ್ಲವೆಂದಲ್ಲ. ಮಾಡುತ್ತಿತ್ತು, ಆದರೆ ಅದರ ಗಮನವೆಲ್ಲ ಗುಣಮಟ್ಟದ ಮೇಲಿತ್ತು. ಕೂದಲು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ನಮಗೆ ಈ ಪ್ರಶ್ನೆ ಹೊಸದೇ? 2017ರಲ್ಲಿ ವಿಯೆಟ್ನಾಂ ಮೆಣಸು ಶ್ರೀಲಂಕಾದ ದಾರಿ ಹಿಡಿದು, ಕಡಿಮೆ ಸುಂಕದಲ್ಲಿ ಒಳಬಂದು, ನಮ್ಮ ಮೆಣಸಿನೊಂದಿಗೆ ಬೆರೆಯುತ್ತಿದೆ ಎಂದು ಇಡೀ ಜಿಲ್ಲೆ ಸಿಟ್ಟಿಗೆದ್ದಿತ್ತು. ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿತು. ಅಂದು ನಾವೆಲ್ಲ ಕೂಗಿ ಕೇಳಿದ್ದು, ಇದು ಹುಟ್ಟಿದ್ದೆಲ್ಲಿ, ಯಾರ ಕೈ ದಾಟಿ ಬಂತು ಎಂದು. ಬೇರೆಯವರ ಚೀಲದ ಬಗ್ಗೆ ಅಷ್ಟು ಚೆನ್ನಾಗಿ ಕೇಳಿದ ನಾವು ನಮ್ಮ ಚೀಲ ಯಾರ ಕೈಗೆ ಹೋಗಿ ಸೇರುತ್ತದೆ ಎಂದು ಕೇಳುವುದಿಲ್ಲ. ದುಬೈನ ಗೋದಾಮಿಗೆ ಹೋಯಿತು, ದುಡ್ಡು ಬಂತು, ಮುಗಿಯಿತು. ಕ್ಯಾಲಿಫೋರ್ನಿಯಾದ ಎಪ್ಸಿಲಾನ್ ಎಂಬ ಕಾರಿನ ಸ್ಟೀರಿಯೋ ಮಾರುವ ಕಂಪನಿಯೂ ಹೀಗೆಯೇ ದುಬೈ ವಿತರಕನಿಗೆ ಮಾರಿ ನಿಶ್ಚಿಂತವಾಗಿತ್ತು. ಆ ವಿತರಕನ ವ್ಯಾಪಾರ ಇರಾನಿನೊಂದಿಗೆ ಎಂಬುದನ್ನು ತಿಳಿಯಲು ಕಾರಣಗಳಿದ್ದವು ಎಂದು ಹೇಳಿ 2014ರಲ್ಲಿ 40 ಲಕ್ಷ ಡಾಲರಿಗೂ ಮಿಕ್ಕಿ ದಂಡ ಹಾಕಲಾಯಿತು; ನ್ಯಾಯಾಲಯ ಸುತ್ತಿ ಬಂದ ಮೇಲೆ 2018ರಲ್ಲಿ ಅದು 15 ಲಕ್ಷಕ್ಕೆ ಇತ್ಯರ್ಥವಾಯಿತು. ಕಣ್ಣೆದುರಿಗಿದ್ದುದನ್ನು ಕಾಣದಿದ್ದರೂ ಹೊಣೆ ತಪ್ಪುವುದಿಲ್ಲ. ಮತ್ತೆ ಅದೇ ಮಾತು, ಮಾಹಿತಿ ಮನೆಯೊಳಗೇ ಇತ್ತು.

ಗೊತ್ತಿದ್ದೂ ಮಾಡಿದವರ ಗತಿ ಬೇರೆ. ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾ ದೇಶಗಳವರ ಹಣದ ಸಂದೇಶಗಳಿಂದ ಹೆಸರುಗಳನ್ನೇ ತೆಗೆದು ಕಳಿಸುತ್ತಿತ್ತು. 2014ರಲ್ಲಿ ತಪ್ಪೊಪ್ಪಿಕೊಂಡು ಸುಮಾರು 890 ಕೋಟಿ ಡಾಲರ್ ತೆತ್ತಿತು. ಅಂಥವರು ಈ ಸಭೆಯಲ್ಲಿಲ್ಲ, ಆದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಒಂದು ಆಕ್ಷೇಪವನ್ನು ನಾನು ಮೊದಲೇ ಊಹಿಸಿದ್ದೇನೆ. ಯಾವುದೋ ದೇಶ ತನ್ನಷ್ಟಕ್ಕೆ ಹೇರಿದ ನಿರ್ಬಂಧವನ್ನು ಭಾರತ ಒಪ್ಪುವುದಿಲ್ಲವಲ್ಲ? ನಿಜ, ನಮ್ಮ ಸರ್ಕಾರದ ನಿಲುವು ಅದೇ, ಆ ನಿಲುವು ಸರಿಯೆಂದೇ ನನ್ನ ಅಭಿಪ್ರಾಯ. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ವ್ಯವಹರಿಸಲು ವಿಶೇಷ ವೋಸ್ಟ್ರೋ ಖಾತೆಗಳಿಗೆ, ಅಂದರೆ ವಿದೇಶಿ ಬ್ಯಾಂಕುಗಳು ನಮ್ಮ ಬ್ಯಾಂಕುಗಳಲ್ಲಿ ತೆರೆಯುವ ರೂಪಾಯಿ ಖಾತೆಗಳಿಗೆ, ದಾರಿ ಮಾಡಿಕೊಟ್ಟಿದೆ. ಆದರೆ ಭಾಗಮಂಡಲಕ್ಕೆ ಜುಲೈ ತಿಂಗಳಲ್ಲಿ ಹೊರಟವನು ಇಷ್ಟು ಮಳೆ ಸುರಿಯುವುದು ನ್ಯಾಯವೇ ಎಂದು ಚರ್ಚಿಸುತ್ತ ಕೊಡೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದಿಲ್ಲ. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ಗುಜರಾತಿನ ವಾಡಿನಾರ್ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯನ್ನು ಪಟ್ಟಿಗೆ ಸೇರಿಸಿತು. ರಷ್ಯಾದ ರೋಸ್ನೆಫ್ಟ್ ಕಂಪನಿಗೆ ಅದರಲ್ಲಿ ಶೇಕಡ 49.13ರ ಪಾಲಿದೆ. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್‌ನ ಸೇವೆಗಳು ನಿಂತವು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಮರಳಿದವು. ಭಾರತದ ನೆಲದಲ್ಲಿ, ಭಾರತದ ಕಾನೂನಿನಂತೆ ನಡೆಯುತ್ತಿದ್ದ ಕಾರ್ಖಾನೆಯ ಇಮೇಲ್ ಯುರೋಪಿನ ಒಂದು ನಿರ್ಧಾರದಿಂದ ನಿಂತಿತು ಎಂಬುದನ್ನು ಗಮನಿಸಿ.

ಸಂಘಟಕರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷವಂತೆ. ಅಕ್ಷರ ನೋಡಿದರೆ ಐದೇ ಇರಬೇಕು. ಹಾಗಾಗಿ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಪಟ್ಟಿಯಲ್ಲಿರುವವರು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಹೊಂದಿದ ಕಂಪನಿ ತಾನೇ ಪಟ್ಟಿಯಲ್ಲಿ ಇಲ್ಲದಿದ್ದರೂ ಅಮೆರಿಕದ ಲೆಕ್ಕದಲ್ಲಿ ಅದೂ ನಿರ್ಬಂಧಿತವೇ, ಆದ್ದರಿಂದ ಮಾಲೀಕರು ಯಾರೆಂದು ಕೇಳಿಡಿ. ಹಡಗಿನ ಹೆಸರು ಬದಲಾದರೂ ಏಳಂಕಿಯ ಐಎಂಒ ಸಂಖ್ಯೆ ಬದಲಾಗದು, ಹಡಗಿನ ಸರಕಿನ ರಸೀದಿಯಾದ ಬಿಲ್ ಆಫ್ ಲೇಡಿಂಗ್ ಜೊತೆಯಲ್ಲೇ ಅದನ್ನೂ ಬರೆದಿಟ್ಟುಕೊಳ್ಳಿ. 2024ರಿಂದ ಅಮೆರಿಕ ಹತ್ತು ವರ್ಷ ಹಿಂದಿನ ವ್ಯವಹಾರವನ್ನೂ ಕೆದಕಬಹುದು, ಹಳೆಯ ಕಡತಗಳನ್ನು ಗೆದ್ದಲಿಗೆ ಬಿಡಬೇಡಿ.

ರೆಪ್ಪೆಗೂದಲಿನ ಕಥೆಯ ಬಾಲವೊಂದು ಉಳಿದಿದೆ. ಕಾನೂನಿನ ಪ್ರಕಾರ ಎಲ್ಫ್‌ಗೆ ನಾಲ್ಕು ಕೋಟಿ ಡಾಲರಿಗೂ ಹೆಚ್ಚು ದಂಡ ಹಾಕಬಹುದಿತ್ತು. 2019ರಲ್ಲಿ ಅದು ಕಟ್ಟಿದ್ದು 9,96,080 ಡಾಲರ್. ತಪ್ಪು ಕಂಡ ಕೂಡಲೇ ಕಂಪನಿ ತಾನಾಗಿಯೇ ಹೋಗಿ ಹೇಳಿಕೊಂಡಿತ್ತು. ನಾನೂ ಆ ಎರಡನೆಯ ಖಾನೆಯನ್ನು ಮೊದಲ ದಿನವೇ ತೆರೆದಿದ್ದರೆ ಆ ಹಿರಿಯರು ನಲವತ್ತೇಳು ದಿನ ಬಸ್ಸು ಹತ್ತಬೇಕಿರಲಿಲ್ಲ.

ಸಭೆಯಿಂದಲೂ ಒಂದು ಚೀಟಿ ಬಂದಿದೆ: "ನಾವು ಸಣ್ಣವರು, ಇಷ್ಟೆಲ್ಲ ತಪಾಸಣೆಗೆ ಸಾಫ್ಟ್‌ವೇರ್ ಎಲ್ಲಿಂದ ತರೋಣ?" ಓಫ್ಯಾಕ್‌ನ ಪಟ್ಟಿಯನ್ನು ಅವರ ಜಾಲತಾಣದಲ್ಲೇ ಹುಡುಕಬಹುದು, ವಿಶ್ವಸಂಸ್ಥೆಯದು ವಿಶ್ವಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ, ಎರಡಕ್ಕೂ ಕಾಸು ಕೊಡಬೇಕಿಲ್ಲ. ಊಟದ ನಂತರ ನನ್ನ ಮೊಬೈಲಿನಲ್ಲೇ ತೋರಿಸುತ್ತೇನೆ. ನಿಮ್ಮ ಕೊಳ್ಳುಗರ ಹೆಸರನ್ನು, ಅವರು ತಮ್ಮ ಕಾಗದಗಳಲ್ಲಿ ಎಷ್ಟು ಬಗೆಯಾಗಿ ಬರೆದಿದ್ದಾರೋ ಅಷ್ಟೂ ಬಗೆಯಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಬನ್ನಿ.