ಶಾಲೆಯ ಕೈತೋಟ: ಮಡಿಯಿಂದ ಬಿಸಿಯೂಟದ ತಟ್ಟೆಗೆ

ಎಲ್ಲರಿಗೂ ನಮಸ್ಕಾರ. ಮೇಷ್ಟ್ರುಗಳು, ಟೀಚರ್‌ಗಳು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಅಡುಗೆಯ ಅಕ್ಕಂದಿರು, ಎಲ್ಲರೂ ಬಂದಿದ್ದೀರಿ. ಬಹಳ ಸಂತೋಷ.

ಮೊದಲು ಒಂದು ಲೆಕ್ಕ. ಬಿಸಿಯೂಟದ ನಿಯಮದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, 6ರಿಂದ 8ರವರಿಗೆ 75 ಗ್ರಾಂ. 100 ಚಿಕ್ಕ ಮಕ್ಕಳಿದ್ದರೆ ದಿನಕ್ಕೆ 5 ಕಿಲೋ ಆಯಿತು. ನಾಲ್ಕು ಮಡಿಯಲ್ಲಿ ಅಷ್ಟು ಬೆಳೆಯುವುದಿಲ್ಲ, ಸಂತೆಗೆ ಹೋಗುವುದು ತಪ್ಪುವುದಿಲ್ಲ. ಹಾಗಾದರೆ ತೋಟ ಯಾಕೆ? ಸಾಂಬಾರಿನ ಸೊಪ್ಪನ್ನು ಆರಿಸಿ ಪಕ್ಕಕ್ಕಿಡುವ ಮಕ್ಕಳು ನಮಗೆಲ್ಲ ಗೊತ್ತು, ಅಲ್ವಾ? ತಾವೇ ಬಿತ್ತಿ ಕಿತ್ತ ಸೊಪ್ಪಾದರೆ ಒಮ್ಮೆ ರುಚಿ ನೋಡೋಣ ಅನ್ನಿಸುತ್ತದೆ. ನನಗೆ ಅಷ್ಟೇ ಸಾಕು.

ಜೂನ್‌ನಲ್ಲಿ ಶಾಲೆಯೂ ಶುರು, ಮಳೆಯೂ ಶುರು. ಆ ತಿಂಗಳನ್ನು ಸುಮ್ನೆ ಬಿಡಬೇಡಿ. ಮಕ್ಕಳಿಗೆ ಕಾಯುವ ತಾಳ್ಮೆ ಕಡಿಮೆ. ಅದಕ್ಕೇ ಮೊದಲು ಹರಿವೆ ಬಿತ್ತಿ. ತಿಂಗಳೊಳಗೆ ಕೈಗೆ ಬರುತ್ತದೆ. ಬೀಜ ಸಾಸಿವೆಗಿಂತ ಸಣ್ಣದು, ಪುಟ್ಟ ಕೈಗಳು ಒಂದೇ ಕಡೆ ಸುರಿದುಬಿಡುತ್ತವೆ. ಒಂದೆರಡು ಹಿಡಿ ಒಣ ಮರಳಿನ ಜೊತೆ ಬೆರೆಸಿಕೊಟ್ಟರೆ ಮಡಿ ತುಂಬ ಹರಡುತ್ತದೆ. ಒತ್ತಾಗಿ ಹುಟ್ಟಿದ ಸಸಿ ಕಿತ್ತಾಗ ಬಿಸಾಡಬೇಡಿ, ಬೇರು ಕತ್ತರಿಸಿ ತೊಳೆದು ಆವತ್ತಿನ ಸಾಂಬಾರಿಗೇ ಹಾಕಿ.

ಕುಂಬಳದಲ್ಲಿ ಕಲಿಯುವುದು ಜಾಸ್ತಿ. ಮೊದಲು ಬರುವುದು ಹೆಚ್ಚಾಗಿ ಗಂಡು ಹೂವು. ಅವು ಉದುರಿದಾಗ ಮಕ್ಕಳ ಮುಖ ಬಾಡುತ್ತದೆ. ಆಮೇಲೆ ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವು ಬರುತ್ತದೆ. ಜೇನು ಬರದಿದ್ದರೆ ಗಂಡು ಹೂವಿನ ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಹೂವು ಬೆಳಗಿನ ಜಾವ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಹಾಗಾಗಿ ಈ ಕೆಲಸ ಪ್ರಾರ್ಥನೆಯ ಗಂಟೆಗೂ ಮೊದಲು. ವಿಜ್ಞಾನದ ಪಾಠದ ಪರಾಗಸ್ಪರ್ಶ ಅಲ್ಲೇ ಬೆರಳಿಗೆ ಅಂಟಿಕೊಳ್ಳುತ್ತದೆ.

ತಟ್ಟೆ, ಕೈ ತೊಳೆದ ನೀರು ಹರಿಯುವ ಕಡೆ ಬಾಳೆ ಹಾಕಿ. ಪಪ್ಪಾಯಿಯ ಬುಡದಲ್ಲಿ ಮಾತ್ರ ನೀರು ನಿಲ್ಲಬಾರದು, ಕೊಳೆಯುತ್ತದೆ. ಅದನ್ನು ಎತ್ತರದಲ್ಲಿ ನೆಡಿ. ನುಗ್ಗೆ, ಕರಿಬೇವು ಬೇಲಿಯಂಚಿಗೆ ಇರಲಿ. ಒಮ್ಮೆ ಬೇರೂರಿದರೆ ನುಗ್ಗೆ ಏಪ್ರಿಲ್, ಮೇ ರಜೆಯನ್ನೂ ತಡೆದುಕೊಳ್ಳುತ್ತದೆ. ಉಳಿದವುಗಳಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಅಂತ ಮಾರ್ಚ್‌ನಲ್ಲೇ ಮಾತಾಡಿಕೊಳ್ಳಿ. ಹಾಕಿದ ಮನೆಯವರು ಕಾಯಿ ಕೊಯ್ದುಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ.

ಒಂದು ವಿಷಯದಲ್ಲಿ ನಾನು ಹಠ ಬಿಡುವುದಿಲ್ಲ. ತಡವಾಗಿ ಬಂದ, ಹೋಂವರ್ಕ್ ಮಾಡದ ಮಗುವನ್ನು ಶಿಕ್ಷೆ ಅಂತ ತೋಟಕ್ಕೆ ಕಳಿಸಬೇಡಿ. ಆ ಮಗು ಮಣ್ಣನ್ನೇ ದ್ವೇಷಿಸುತ್ತದೆ. ನೀರು ಹೊರುವುದು ಹುಡುಗಿಯರ ಕೆಲಸ, ಗುದ್ದಲಿ ಹಿಡಿಯುವುದು ಹುಡುಗರ ಕೆಲಸ ಅಂತಲೂ ಹಂಚಬೇಡಿ. ಎಲ್ಲರಿಗೂ ಸರದಿ ಇರಲಿ. ಬೆಳೆದದ್ದು ಮೊದಲು ಮಕ್ಕಳ ತಟ್ಟೆಗೆ ಹೋಗಲಿ, ಸ್ಟಾಫ್ ರೂಮಿಗಲ್ಲ.

ಬೀಜಕ್ಕೆ ಅಂಗಡಿಗೇ ಹೋಗಬೇಕೆಂದಿಲ್ಲ. ಹೀರೆ, ಸೋರೆ, ಚಪ್ಪರದವರೆಯ ಬೀಜ ಊರಿನ ಅಜ್ಜಿಯರ ಹತ್ತಿರ ಸಿಗುತ್ತದೆ. ಮಕ್ಕಳನ್ನೇ ಕಳಿಸಿ. ಯಾವ ಮಳೆಗೆ ಬಿತ್ತಬೇಕು ಅಂತಲೂ ಅವರೇ ಕೇಳಿಕೊಂಡು ಬರಲಿ.