ಮೊದಲು ಹಾಜರಿ, ಆಮೇಲೆ ಸಮೀಕರಣ

ಎಲ್ಲರಿಗೂ ನಮಸ್ಕಾರ.

ನಾನು ಮೊದಲ ಸಲ ಪರ್ಮಾಂಗನೇಟ್ ಟೈಟ್ರೇಶನ್ ಮಾಡಿದ ದಿನ ನನ್ನ ರೀಡಿಂಗ್ 0.1 ಮಿಲಿ ಬಂದಿತ್ತು. ಟೈಟ್ರೇಶನ್ ಅಂದರೆ ಬ್ಯುರೆಟ್ ಅನ್ನುವ ಅಳತೆ ಗೆರೆಗಳ ಕೊಳವೆಯಿಂದ ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು, ಕ್ರಿಯೆ ಮುಗಿಯಲು ಎಷ್ಟು ಬೇಕಾಯಿತು ಅಂತ ಅಳೆಯೋದು. ಪಕ್ಕದವನದು 20ರ ಆಸುಪಾಸು. ನನ್ನ ಫ್ಲಾಸ್ಕಿಗೆ ಬಿದ್ದಿದ್ದು ಒಂದೆರಡು ಹನಿ ಅಷ್ಟೇ, ಅಷ್ಟಕ್ಕೇ ಆಕ್ಸಾಲಿಕ್ ಆಮ್ಲ ತೆಳು ಗುಲಾಬಿಯಾಯಿತು, ಅಲ್ಲಾಡಿಸಿದೆ, ಬಣ್ಣ ಹೋಗಲಿಲ್ಲ, ಗುಲಾಬಿ ಬಣ್ಣ ನಿಂತರೆ ಅದೇ ಎಂಡ್ ಪಾಯಿಂಟ್, ಕ್ರಿಯೆ ಮುಗಿದ ಗುರುತು ಅಂತ ಓದಿಕೊಂಡು ಬಂದಿದ್ದೆ, ಹಾಗಾಗಿ ಮುಗೀತು ಅಂದುಕೊಂಡು ರೀಡಿಂಗ್ ಬರೆದು ಕೈ ತೊಳೆಯೋಕೆ ಹೊರಟೆ.

ಮೇಷ್ಟ್ರು ನನ್ನ ಪುಸ್ತಕ ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ. "ಫ್ಲಾಸ್ಕ್ ಒಳಗೆ ಈಗ ಯಾರ್ಯಾರು ಇದ್ದಾರೆ ಹೇಳಪ್ಪ" ಅಂದರು.

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಸಮೀಕರಣ ಕೇಳಿದ್ದರೆ ಬ್ಯಾಲೆನ್ಸ್ ಮಾಡಿ ಒಪ್ಪಿಸುತ್ತಿದ್ದೆ. 2, 5, 6, ಬಾಣದ ಆಚೆ 2, 10, 8. ಆ ಅಂಕಿಗಳು ಇವತ್ತಿಗೂ ಬಾಯಿಪಾಠ. ಆದರೆ ಆ ಗಾಜಿನೊಳಗೆ ಆ ಹೊತ್ತಿನಲ್ಲಿ ಏನಿದೆ, ಎಷ್ಟಿದೆ, ಯಾವುದು ಇನ್ನೂ ಹುಟ್ಟೇ ಇಲ್ಲ ಅನ್ನೋದು ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ.

ಆ ಹನಿಯ ಸಮಾಚಾರ ಕೊನೆಗೆ ಹೇಳುತ್ತೇನೆ. ಇವತ್ತು ನನ್ನ ಹತ್ತಿರ ಇರೋದು ಒಂದೇ ಮಾತು. ಗಾಜಿನೊಳಗೆ ಯಾರ್ಯಾರು ಇದ್ದಾರೆ ಅಂತ ಹಾಜರಿ ತೆಗೆದುಕೊಳ್ಳದೆ ಪಾಠ ಶುರು ಮಾಡುತ್ತೇವೆ ನೋಡಿ, ಅದಕ್ಕೇ ದ್ರಾವಣಗಳ ಪಾಠ ನಮಗೆ ಇಷ್ಟು ಗೋಜಲು.

ಉಪ್ಪಿನಿಂದಲೇ ಶುರು ಮಾಡೋಣ. ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ ದ್ರಾವಣ ಅಂತ ಚೀಟಿ ಅಂಟಿಸಿರುತ್ತದೆ. ಒಳಗೆ ಸೋಡಿಯಂ ಕ್ಲೋರೈಡ್ ಅನ್ನುವ ಜೋಡಿ ಎಲ್ಲಿದೆ? ಇಲ್ಲ. ಸೋಡಿಯಂ ಅಯಾನು ಬೇರೆ, ಕ್ಲೋರೈಡ್ ಅಯಾನು ಬೇರೆ. ಅಯಾನು ಅಂದರೆ ವಿದ್ಯುದಾವೇಶ ಹೊತ್ತ ಕಣ. ಎರಡನ್ನೂ ನೀರಿನ ಅಣುಗಳು ಮುತ್ತಿಕೊಂಡಿವೆ, ಒಂದಕ್ಕೆ ತಮ್ಮ ಆಕ್ಸಿಜನ್ ಬದಿ ತಿರುಗಿಸಿ, ಇನ್ನೊಂದಕ್ಕೆ ಹೈಡ್ರೋಜನ್ ಬದಿ ತಿರುಗಿಸಿ. ಚೀಟಿ ಹೇಳೋದು ನಾವು ಹಾಕಿದ್ದನ್ನು, ಒಳಗೆ ಇರೋದನ್ನಲ್ಲ.

ಇದು ನಮಗೆ ಈಗ ಸಲೀಸಾಗಿ ಕಾಣುತ್ತದೆ. 1884ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಉಪ್ಪುಗಳು ನೀರಿನಲ್ಲಿ ಒಡೆದು ವಿದ್ಯುತ್ ಒಯ್ಯುತ್ತವೆ ಎಂಬ ದಿಕ್ಕಿನಲ್ಲಿ ಹೊರಟಾಗ ಉಪ್ಸಾಲಾದ ಪ್ರೊಫೆಸರುಗಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ, ತೀರಾ ಕೆಳಗಿನ ದರ್ಜೆ ಕೊಟ್ಟು ಸುಮ್ಮನಾದರು. ಅವರದ್ದೂ ಪೂರ್ತಿ ತಪ್ಪು ಅನ್ನಬೇಡಿ. ಸೋಡಿಯಂ ಲೋಹ ನೀರಿಗೆ ಬಿದ್ದರೆ ಉರಿದೇಳುತ್ತದೆ, ಕ್ಲೋರಿನ್ ವಿಷಾನಿಲ, ಅವೆರಡೂ ಬಿಡಿಬಿಡಿಯಾಗಿ ನೀರಿನಲ್ಲಿ ತಣ್ಣಗೆ ಓಡಾಡಿಕೊಂಡಿವೆ ಅಂದರೆ ಯಾರು ನಂಬುತ್ತಾರೆ? ಪರಮಾಣು ಬೇರೆ, ವಿದ್ಯುದಾವೇಶ ಇರುವ ಅಯಾನು ಬೇರೆ ಅನ್ನೋದು ಅರಗಲು ಸಮಯ ಹಿಡಿಯಿತು. ಅದೇ ಅರ್ಹೇನಿಯಸ್‌ಗೆ 1903ರಲ್ಲಿ ಇದೇ ವಿಚಾರಕ್ಕೆ ನೊಬೆಲ್ ಬಂತು. ನಿಮಗೆ ಮೊದಲ ವಾರ ಅರ್ಥವಾಗಲಿಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಪ್ರೊಫೆಸರುಗಳಿಗೇ ಆಗಿರಲಿಲ್ಲ.

ಈಗ ಆ ಉಪ್ಪಿನ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣ ಸುರಿಯಿರಿ. ತಕ್ಷಣ ಬೆಳ್ಳಗೆ ಮೊಸರು ಒಡೆದ ಹಾಗೆ ಪ್ರಕ್ಷೇಪ. ಪರೀಕ್ಷೆಯಲ್ಲಿ ನಾವು ಬರೆಯೋದು ಏನು? ಸಿಲ್ವರ್ ನೈಟ್ರೇಟ್ ಕೂಡಿಸು ಸೋಡಿಯಂ ಕ್ಲೋರೈಡ್, ಬಾಣ, ಸಿಲ್ವರ್ ಕ್ಲೋರೈಡ್ ಕೂಡಿಸು ಸೋಡಿಯಂ ನೈಟ್ರೇಟ್. ನಾಲ್ಕು ಹೆಸರು, ಏನೋ ದೊಡ್ಡ ಅದಲುಬದಲು ನಡೆದ ಹಾಗೆ ಕಾಣುತ್ತದೆ. ಹಾಜರಿ ತೆಗೆದುಕೊಳ್ಳಿ. ಸೋಡಿಯಂ ಮೊದಲೂ ನೀರಿನಲ್ಲಿ ಒಂಟಿ, ಆಮೇಲೂ ಒಂಟಿ. ನೈಟ್ರೇಟ್ ಕತೆಯೂ ಅದೇ. ಇಬ್ಬರೂ ಮದುವೆಗೆ ಬಂದು ಊಟ ಮಾಡಿ ಹೋದವರು. ಮದುವೆ ಆಗಿದ್ದು ಸಿಲ್ವರ್‌ಗೂ ಕ್ಲೋರೈಡ್‌ಗೂ ಮಾತ್ರ. ಆ ಜೋಡಿ ಎಷ್ಟು ಗಟ್ಟಿ ಅಂದರೆ ಒಂದು ಲೀಟರ್ ನೀರಿಗೆ ಸುಮಾರು 2 ಮಿಲಿಗ್ರಾಂ ಸಿಲ್ವರ್ ಕ್ಲೋರೈಡ್ ಕರಗಿದರೆ ಹೆಚ್ಚು.

ಬಂದು ಹೋಗುವ ಈ ಅಯಾನುಗಳಿಗೆ ಪ್ರೇಕ್ಷಕ ಅಯಾನು ಅಂತ ಹೆಸರಿದೆ. ಇದನ್ನು ಬರೀ ವ್ಯಾಖ್ಯಾನವಾಗಿ ಕಲಿತರೆ ಎರಡು ಅಂಕ ಬರುತ್ತದೆ, ಅಷ್ಟೇ. ನನಗೆ ಅದು ನಿಜ ಅಂತ ನಂಬಿಕೆ ಬಂದಿದ್ದು ಥರ್ಮಾಮೀಟರಿನಿಂದ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಎಷ್ಟು ಶಾಖ ಬಂತು ಅಂತ ಅಳೆಯಿರಿ, ಒಂದು ಮೋಲ್‌ಗೆ ಹತ್ತಿರ ಹತ್ತಿರ 57 ಕಿಲೋಜೂಲ್. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ನಿಗದಿತ ಸಂಖ್ಯೆ. ನೈಟ್ರಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡಿ. ಆಮ್ಲ ಬೇರೆ, ಪ್ರತ್ಯಾಮ್ಲ ಬೇರೆ, ಹುಟ್ಟುವ ಲವಣವೂ ಬೇರೆ, ಆದರೆ ಶಾಖ ಮತ್ತೆ ಅದೇ 57. ಯಾಕೆ? ಎರಡೂ ಕಡೆ ನಿಜವಾಗಿ ನಡೆದದ್ದು ಒಂದೇ ಕೆಲಸ, ಹೈಡ್ರೋಜನ್ ಅಯಾನು ಹೈಡ್ರಾಕ್ಸೈಡ್ ಅಯಾನಿನ ಜೊತೆ ಸೇರಿ ನೀರಾಗೋದು. ಉಳಿದವರು ಸುಮ್ನೆ ನೋಡುತ್ತ ನಿಂತಿದ್ದರು. ಹಾಜರಿ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಎಲ್ಲರೂ ಕೆಲಸ ಮಾಡುತ್ತಾರೆ ಅಂತಿಲ್ಲ ಅಲ್ವಾ?

ಎಷ್ಟಿದೆ ಅನ್ನುವ ಪ್ರಶ್ನೆಗೆ ಬರೋಣ. ಒಂದು ಮೋಲಾರ್ ಉಪ್ಪಿನ ದ್ರಾವಣ, ಅಂದರೆ ಲೀಟರ್ ದ್ರಾವಣದಲ್ಲಿ ಒಂದು ಮೋಲ್ ಉಪ್ಪು ಇರುವಂಥದ್ದು, ಮಾಡು ಅಂದರೆ ಹೊಸಬರಲ್ಲಿ ಅರ್ಧ ಜನ 58.44 ಗ್ರಾಂ ತೂಗಿ ಒಂದು ಲೀಟರ್ ನೀರಿಗೆ ಹಾಕುತ್ತಾರೆ. ತಪ್ಪು. ಹಾಗೆ ಮಾಡಿದರೆ ಒಟ್ಟು ಗಾತ್ರ ಲೀಟರಿಗಿಂತ ಸ್ವಲ್ಪ ಜಾಸ್ತಿಯಾಗಿ ದ್ರಾವಣ ಹತ್ತಿರ ಹತ್ತಿರ 2 ಶೇಕಡಾ ತೆಳುವಾಗುತ್ತದೆ. ಕಡಿಮೆ ನೀರಿನಲ್ಲಿ ಮೊದಲು ಕರಗಿಸಿ, ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಸುರಿದು, ಬೀಕರನ್ನೂ ಗಾಜಿನ ಕಡ್ಡಿಯನ್ನೂ ತೊಳೆದ ನೀರನ್ನು ಅದಕ್ಕೇ ಸೇರಿಸಿ, ಆಮೇಲೆ ಕತ್ತಿನ ಗೆರೆ ತನಕ ತುಂಬಬೇಕು. ಗಾತ್ರಗಳನ್ನು ಕೂಡಿಸಿ ಉತ್ತರ ಬರುತ್ತದೆ ಅಂತ ನಂಬಬೇಡಿ. 50 ಮಿಲಿ ನೀರಿಗೆ 50 ಮಿಲಿ ಎಥನಾಲ್ ಬೆರೆಸಿದರೆ 100 ಆಗೋದಿಲ್ಲ, 96–97 ಮಿಲಿ ಆಗುತ್ತದೆ.

ಇನ್ನೊಂದು, ಗೆರೆ ತನಕ ತುಂಬಿದ ಮೇಲೆ ಬಿರಡೆ ಹಾಕಿ ತಲೆಕೆಳಗು ಮಾಡಿ ಹತ್ತು ಸಲವಾದರೂ ಅಲ್ಲಾಡಿಸಿ. ಇದನ್ನು ಮರೆತು ನಾನು ಒಂದಿಡೀ ಮಧ್ಯಾಹ್ನ ಹಾಳು ಮಾಡಿಕೊಂಡಿದ್ದೇನೆ. ಕೆಳಗಡೆ ಗಟ್ಟಿ ದ್ರಾವಣ, ಮೇಲ್ಗಡೆ ತೆಳು, ನಿಗದಿತ ಅಳತೆ ಹೀರುವ ಕೊಳವೆ, ಪಿಪೆಟ್, ಒಂದೊಂದು ಸಲ ಒಂದೊಂದು ಕಡೆಯಿಂದ ಹೀರಿ ಮೂರು ರೀಡಿಂಗ್ ಮೂರು ದಿಕ್ಕಿಗೆ.

ಬ್ಯುರೆಟ್ಟನ್ನು ಅದಕ್ಕೆ ತುಂಬುವ ದ್ರಾವಣದಿಂದಲೇ ಜಾಲಾಡಿಸಬೇಕು, ಆದರೆ ಕೋನಿಕಲ್ ಫ್ಲಾಸ್ಕನ್ನು ಬರೀ ನೀರಿನಿಂದ ತೊಳೆಯಬೇಕು ಅನ್ನುತ್ತಾರೆ. ನಾನು ಇದನ್ನು ಎರಡು ವರ್ಷ ಮಡಿ ಮೈಲಿಗೆಯ ಹಾಗೆ ಪಾಲಿಸಿದೆ, ಕಾರಣ ಕೇಳಲೇ ಇಲ್ಲ. ಕಾರಣ ತುಂಬ ಸರಳ. ಬ್ಯುರೆಟ್ಟಿನಲ್ಲಿ ನಮಗೆ ಬೇಕಾದ್ದು ದಟ್ಟಣೆ, ಒಂದು ಮಿಲಿಯಲ್ಲಿ ಎಷ್ಟು ಕಣಗಳು ಅನ್ನೋದು. ಒಳಗೆ ನಾಲ್ಕು ಹನಿ ನೀರು ಉಳಿದಿದ್ದರೂ ದ್ರಾವಣ ತೆಳುವಾಯಿತು, ಲೆಕ್ಕ ಕೆಟ್ಟಿತು. ಫ್ಲಾಸ್ಕಿನಲ್ಲಿ ಬೇಕಾದ್ದು ತಲೆ ಲೆಕ್ಕ. ಪಿಪೆಟ್ಟಿನಿಂದ 25 ಮಿಲಿ ಹಾಕಿದಾಗ ಎಷ್ಟು ಕಣ ಬಂದವೋ ಅಷ್ಟೇ, ಅವು ದೊಡ್ಡ ಕೋಣೆಯಲ್ಲಿ ಕೂತರೂ ಚಿಕ್ಕ ಕೋಣೆಯಲ್ಲಿ ಕೂತರೂ ಸಂಖ್ಯೆ ಬದಲಾಗೋದಿಲ್ಲ. ಹಾಗಾಗಿ ಫ್ಲಾಸ್ಕ್ ಒದ್ದೆಯಿದ್ದರೆ ಚಿಂತೆಯಿಲ್ಲ, ಬದಿಗೆ ಅಂಟಿದ ಹನಿಯನ್ನು ನೀರು ಚಿಮುಕಿಸಿ ಕೆಳಗಿಳಿಸಿದರೂ ಚಿಂತೆಯಿಲ್ಲ. ಆದರೆ ಅದೇ ದ್ರಾವಣದಿಂದ ಜಾಲಾಡಿಸಿದರೆ ಲೆಕ್ಕಕ್ಕೆ ಸಿಗದ ತಲೆಗಳು ಒಳಗೆ ಉಳಿದುಬಿಡುತ್ತವೆ. ಈ ಒಂದು ವಿಷಯ ಹೊಳೆದ ದಿನ ನನಗೆ ಮೋಲ್ ಮತ್ತು ಮೊಲಾರಿಟಿ ಬೇರೆಬೇರೆಯಾಗಿ ಕಂಡವು. ಅಲ್ಲಿಯವರೆಗೆ ಎರಡೂ ಒಂದೇ ಸೂತ್ರದ ಎರಡು ಅಕ್ಷರಗಳಾಗಿದ್ದವು.

ದುರ್ಬಲ ಆಮ್ಲದ ವಿಷಯದಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಸಾವಿರಕ್ಕೆ ಸುಮಾರು 13 ಅಣು ಮಾತ್ರ ಒಡೆದಿರುತ್ತವೆ, ಹಾಗಾಗಿ ಅದರ ಪಿಎಚ್ 2.9, ಅಷ್ಟೇ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲದ್ದು 1. ಪಿಎಚ್ ಅಂದರೆ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳ ಅಳತೆ, ಅವು ಜಾಸ್ತಿಯಾದಷ್ಟೂ ಅಂಕಿ ಕಡಿಮೆ. ಈಗ ನಾನು ಕೇಳುತ್ತೇನೆ, ಎರಡನ್ನೂ 25 ಮಿಲಿ ತೆಗೆದುಕೊಂಡರೆ ತಟಸ್ಥ ಮಾಡಲು ಯಾವುದಕ್ಕೆ ಕಡಿಮೆ ಸೋಡಿಯಂ ಹೈಡ್ರಾಕ್ಸೈಡ್ ಸಾಕು? ದುರ್ಬಲ ಆಮ್ಲಕ್ಕೆ ಅಂತ ಕ್ಲಾಸಿನಲ್ಲಿ ಮುಕ್ಕಾಲು ಕೈಗಳು ಏಳುತ್ತವೆ. ನನ್ನದೂ ಎದ್ದಿತ್ತು. ಉತ್ತರ ಎರಡಕ್ಕೂ ಅಷ್ಟಷ್ಟೇ. ಹೊರಗೆ ಓಡಾಡುತ್ತಿದ್ದ 13 ಹೈಡ್ರೋಜನ್ ಅಯಾನುಗಳನ್ನು ಹೈಡ್ರಾಕ್ಸೈಡ್ ಹಿಡಿದುಕೊಂಡಿತು ಅನ್ನಿ, ಸಮತೋಲನ ತಪ್ಪಿ ಒಳಗಿನಿಂದ ಇನ್ನಷ್ಟು ಅಣುಗಳು ಒಡೆಯುತ್ತವೆ, ಅವನ್ನೂ ಹಿಡಿದರೆ ಮತ್ತಷ್ಟು, ಹೀಗೆ ಸಾವಿರವೂ ಮುಗಿಯುವ ತನಕ. ಪಿಎಚ್ ಹೇಳೋದು ಅಂಗಳದಲ್ಲಿ ನಿಂತವರ ಸಂಖ್ಯೆ. ಟೈಟ್ರೇಶನ್ ಮನೆಯೊಳಗೆ ಕೂತವರನ್ನೂ ಎಣಿಸುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಆ ಅಸಿಟಿಕ್ ಆಮ್ಲ ಪೂರ್ತಿ ಮುಗಿದ ಗಳಿಗೆಯಲ್ಲಿ ಯಾರಿದ್ದಾರೆ ನೋಡಿ. ಸೋಡಿಯಂ, ಅಸಿಟೇಟ್, ನೀರು. ಅಸಿಟೇಟ್ ಸುಮ್ಮನೆ ಕೂರುವ ಜಾತಿಯಲ್ಲ, ನೀರಿನಿಂದ ಹೈಡ್ರೋಜನ್ ಅಯಾನು ಕಿತ್ತುಕೊಂಡು ಹೈಡ್ರಾಕ್ಸೈಡ್ ಬಿಟ್ಟುಬಿಡುತ್ತದೆ, ಆದ್ದರಿಂದ ತಟಸ್ಥ ಮಾಡಿದೆವು ಅಂದರೂ ಪಿಎಚ್ 7 ಅಲ್ಲ, 8.7ರ ಹತ್ತಿರ. ಮುಗಿದದ್ದನ್ನು ಬಣ್ಣದಿಂದ ತೋರಿಸುವ ಸೂಚಕ ಫೀನಾಲ್ಫ್ತಲೀನ್, ಅದರ ಬಣ್ಣ ತಿರುಗೋದು 8.2ರಿಂದ, ಅದು ಸರಿಹೊಂದುತ್ತದೆ. 3.1ರಿಂದ 4.4ರ ಒಳಗೆ ಬಣ್ಣ ಬದಲಿಸುವ ಮೀಥೈಲ್ ಆರೆಂಜ್ ಹಾಕಿದರೆ ಅದು ದಾರಿ ಮಧ್ಯದಲ್ಲೇ ಬಂತು ಬಂತು ಅಂತ ಕೂಗುತ್ತದೆ. ಯಾವ ಆಮ್ಲಕ್ಕೆ ಯಾವ ಸೂಚಕ ಅನ್ನುವ ಕೋಷ್ಟಕವನ್ನು ಉರು ಹೊಡೆಯುವ ಕೆಲಸವೇ ಇಲ್ಲ.

ಹಾಜರಿಯಲ್ಲಿ ನಾವು ಯಾವಾಗಲೂ ಬಿಟ್ಟುಬಿಡುವ ಹೆಸರು ಒಂದಿದೆ. ನೀರು. ಒಂದು ಲೀಟರಿನಲ್ಲಿ 55 ಮೋಲ್ ಇರುವ, ಎಲ್ಲರಿಗಿಂತ ದೊಡ್ಡ ಗುಂಪು, ಅದನ್ನೇ ಕರೆಯೋದಿಲ್ಲ. ಹಳೇ ಪ್ರಶ್ನೆ ಗೊತ್ತಲ್ಲ, 10ರ ಘಾತ ಮೈನಸ್ 8 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಸೂತ್ರಕ್ಕೆ ಹಾಕಿದರೆ 8. ಅಂದರೆ ಆಮ್ಲ ಹಾಕಿ ಹಾಕಿ ನೀರನ್ನು ಪ್ರತ್ಯಾಮ್ಲ ಮಾಡಿದೆವು! ನೀರು ತಾನಾಗಿಯೇ ಒಡೆದು ಕೊಡುವ ಹೈಡ್ರೋಜನ್ ಅಯಾನು ಇದಕ್ಕಿಂತ ಹತ್ತು ಪಟ್ಟು ಜಾಸ್ತಿ, ಅದನ್ನು ಸೇರಿಸಿದರೆ ಉತ್ತರ 6.98. 25 ಡಿಗ್ರಿಯಲ್ಲಿ ಶುದ್ಧ ನೀರಿನ 7ಕ್ಕಿಂತ ಒಂದು ಕೂದಲೆಳೆ ಕಡಿಮೆ. ಪಿಎಚ್ ಅಳತೆಯನ್ನು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ 1909ರಲ್ಲಿ ತಂದಿದ್ದೇ ಸೊನ್ನೆಗಳ ಕಾಟ ತಪ್ಪಿಸಲು, ನಾವು ಸೊನ್ನೆಗಳ ಜೊತೆ ನೀರನ್ನೂ ಕಣ್ಮರೆ ಮಾಡಿಕೊಂಡೆವು.

ಈಗ ನನ್ನ 0.1 ಮಿಲಿಯ ಮಾನ ಉಳಿಸಿಕೊಳ್ಳುತ್ತೇನೆ.

ಆಕ್ಸಾಲಿಕ್ ಆಮ್ಲವನ್ನು 60–70 ಡಿಗ್ರಿಗೆ ಬಿಸಿ ಮಾಡಬೇಕಿತ್ತು, ನಾನು ಮಾಡಿರಲಿಲ್ಲ. ಅದು ಅರ್ಧ ಉತ್ತರ. ಬಿಸಿ ಮಾಡಿದರೂ ಮೊದಲ ಹನಿ ಸ್ವಲ್ಪ ಹಠ ಮಾಡುತ್ತದೆ, ಕೆಲವು ಸೆಕೆಂಡು ಗುಲಾಬಿಯಾಗೇ ನಿಲ್ಲುತ್ತದೆ. ಎರಡನೆಯದು ಅದಕ್ಕಿಂತ ಬೇಗ ಹೋಗುತ್ತದೆ. ಆಮೇಲೆ ಹನಿ ಬೀಳೋದೇ ತಡ, ಬಣ್ಣ ಮಾಯ. ಆಮ್ಲ ಅದೇ, ಪರ್ಮಾಂಗನೇಟ್ ಅದೇ, ಉಷ್ಣತೆ ಏರಿಲ್ಲ, ನಿಜ ಹೇಳಬೇಕೆಂದರೆ ಫ್ಲಾಸ್ಕ್ ತಣ್ಣಗಾಗುತ್ತಿದೆ. ಮತ್ತೆ ವೇಗ ಎಲ್ಲಿಂದ ಬಂತು?

ಹಾಜರಿ ಕರೆಯಿರಿ. ಮೊದಲ ಹನಿ ಬಿದ್ದಾಗ ಇದ್ದವರು ಆಕ್ಸಾಲಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲದಿಂದ ಬಂದ ಹೈಡ್ರೋಜನ್ ಅಯಾನು, ಸಲ್ಫೇಟ್, ಪರ್ಮಾಂಗನೇಟ್, ಪೊಟ್ಯಾಸಿಯಂ, ನೀರು. ಆ ಹನಿಯ ಬಣ್ಣ ಹೋದ ಮೇಲೆ ಹೊಸಬ ಒಬ್ಬ ಸೇರಿಕೊಂಡ, ಎರಡು ಧನ ಆವೇಶದ ಮ್ಯಾಂಗನೀಸ್ ಅಯಾನು. ಅದು ಈ ಕ್ರಿಯೆಗೆ ವೇಗವರ್ಧಕ. ಕ್ರಿಯೆ ತನಗೆ ಬೇಕಾದ ವೇಗವರ್ಧಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಮೊದಲ ಹನಿಯ ಹೊತ್ತಿಗೆ ಅದು ಇನ್ನೂ ಹುಟ್ಟಿರಲಿಲ್ಲ. ನಾನು ಬ್ಯಾಲೆನ್ಸ್ ಮಾಡಿ ಒಪ್ಪಿಸುತ್ತಿದ್ದ ಸಮೀಕರಣದಲ್ಲಿ ಬಾಣದ ಆಚೆ ಅದರ ಹೆಸರು ಇತ್ತು. ಯಾವಾಗ ಬಂತು ಅಂತ ಬಾಣ ಹೇಳೋದಿಲ್ಲ ನೋಡಿ.

ಇಲ್ಲಿ ಮೇಜಿನ ಮೇಲೆ ಎರಡು ಫ್ಲಾಸ್ಕ್ ಇಟ್ಟಿದ್ದೇನೆ. ಎರಡರಲ್ಲೂ ಅಷ್ಟಷ್ಟೇ ಆಕ್ಸಾಲಿಕ್ ಆಮ್ಲ, ಅಷ್ಟಷ್ಟೇ ಸಲ್ಫ್ಯೂರಿಕ್ ಆಮ್ಲ, ಎರಡನ್ನೂ ಬಿಸಿ ಮಾಡಿಲ್ಲ. ಒಂದಕ್ಕೆ ಮಾತ್ರ ಚಿಟಿಕೆ ಮ್ಯಾಂಗನೀಸ್ ಸಲ್ಫೇಟ್ ಹಾಕಿದ್ದೇನೆ. ಇಷ್ಟು ತೆಳುವಿದ್ದಾಗ ಅದಕ್ಕೆ ಬಣ್ಣವೇ ಇರೋದಿಲ್ಲ, ಹಾಗಾಗಿ ಎಷ್ಟು ಬಗ್ಗಿ ನೋಡಿದರೂ ಯಾವುದು ಅಂತ ಗೊತ್ತಾಗೋದಿಲ್ಲ. ನಾನೂ ಹೇಳೋದಿಲ್ಲ. ಕನ್ನಡಕ ಹಾಕಿಕೊಂಡು ಯಾರಾದರೂ ಮುಂದೆ ಬನ್ನಿ, ಎರಡಕ್ಕೂ ಒಂದೊಂದೇ ಹನಿ ಹಾಕಿ.