ಮೊದಲು ತೋರಿಸಿ, ಆಮೇಲೆ ಹೇಳಿ

ಎಲ್ಲರಿಗೂ ನಮಸ್ಕಾರ.

ಗದಗ ಅಂದ್ರೆ ಪ್ರಿಂಟಿಂಗ್ ಪ್ರೆಸ್‌ಗಳ ಊರು. ಅಚ್ಚಿನ ಮೊಳೆ ಜೋಡಿಸಿ ಬೆರಳು ಕಪ್ಪಾದ ಹಿರಿಯರು ಒಂದಿಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರೆದುರು ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಬರಹ ತಿದ್ದೋದರ ಬಗ್ಗೆ ಮಾತಾಡೋಕೆ ನನಗೆ ಸ್ವಲ್ಪ ಅಳುಕೇ. ನಾನು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ ಮಾಡುತ್ತಾ ಬೆಳೆದವನು. ಮ್ಯಾಟರ್ ಮೊದಲು ನೋಟ್‌ಪ್ಯಾಡಿನಲ್ಲಿ ಹೊಡೆಯೋದು, ಆಮೇಲೆ ಡಿಸೈನಿಗೆ ಹಾಕೋದು ನನ್ನ ರೂಢಿ. 1985ರ ಮೊದಲ ವಿಂಡೋಸ್‌ನಿಂದಲೂ ನೋಟ್‌ಪ್ಯಾಡ್ ಇದೆ. ಹಳೇ ನೋಟ್‌ಪ್ಯಾಡಿನಲ್ಲಿ ಬಣ್ಣ, ಚಿತ್ರ, ಬಾರ್ಡರ್ ಏನೂ ಇಲ್ಲ. ಕಲಿಯೋಕೆ ಅದೇ ಒಳ್ಳೆಯದು, ನೋಡೋಕೆ ಅಕ್ಷರ ಬಿಟ್ಟರೆ ಬೇರೇನಿಲ್ಲ.

ಬರಹ ತಿದ್ದುವ ಎಲ್ಲ ಕೆಲಸಕ್ಕೂ ಇಲ್ಲಿ ಎರಡು ಹೆಜ್ಜೆ. ಮೊದಲು ಯಾವುದು ಅಂತ ತೋರಿಸಬೇಕು, ಆಮೇಲೆ ಏನು ಮಾಡಬೇಕು ಅಂತ ಹೇಳಬೇಕು. ಇದು ಸುಮ್ನೆ ಆದದ್ದಲ್ಲ. ಅಮೆರಿಕದ ಝೆರಾಕ್ಸ್ ಪಾರ್ಕ್ ಲ್ಯಾಬಿನಲ್ಲಿ ಮೊದಲಿದ್ದ ಬ್ರಾವೊ ಅನ್ನೋ ಎಡಿಟರಿನಲ್ಲಿ, ಅಂದ್ರೆ ಬರಹ ತಿದ್ದುವ ಪ್ರೋಗ್ರಾಮಿನಲ್ಲಿ, ಹೇಳೋದು ಬೇರೆ ಸ್ಥಿತಿ, ಬರೆಯೋದು ಬೇರೆ ಸ್ಥಿತಿ. ಹೇಳುವ ಸ್ಥಿತಿಯಲ್ಲಿರೋದು ಮರೆತು ಇಂಗ್ಲಿಷಿನಲ್ಲಿ 'ಎಡಿಟ್' ಅಂತ ಹೊಡೆದರೆ ಮುಗೀತು. 'ಇ'ಗೆ ಪೂರ್ತಿ ಬರಹ ಸೆಲೆಕ್ಟ್, 'ಡಿ'ಗೆ ಅಳಿಸು, 'ಐ'ಗೆ ಹೊಸದು ಸೇರಿಸು. ಕೊನೆಗೆ ಪರದೆಯ ಮೇಲೆ ಉಳಿಯೋದು ಒಂದೇ ಒಂದು 'ಟಿ'! ಅದೇ ಲ್ಯಾಬಿನಲ್ಲಿ ಲ್ಯಾರಿ ಟೆಸ್ಲರ್, ಟಿಮ್ ಮಾಟ್ ಇಬ್ಬರೂ 1970ರ ದಶಕದ ಮಧ್ಯದಲ್ಲಿ ಹೀಗೆ ಸ್ಥಿತಿ ಬದಲಿಸಬೇಕಿಲ್ಲದ ಜಿಪ್ಸಿ ಅನ್ನೋ ಎಡಿಟರ್ ಮಾಡಿ ಈ ಕಾಟ ತಪ್ಪಿಸಿದರು. ಮಾಡಿದ್ದು ಯಾರಿಗೆ ಅಂತೀರಿ? ಪಠ್ಯಪುಸ್ತಕ ಅಚ್ಚು ಹಾಕಿಸುವ ಒಂದು ಪ್ರಕಾಶನದವರಿಗೆ. ಕತ್ತರಿ, ಗೋಂದು ಹಿಡಿದು ಪ್ರೂಫ್ ತಿದ್ದುವವರ ಕೈ ನೋಡಿಯೇ ಕಟ್, ಪೇಸ್ಟ್ ಬಂತು. ಅಂದ್ರೆ ಇದು ನಮ್ಮ ಕಸುಬಿನ ಮಂದಿಯದ್ದೇ, ಅಲ್ವಾ?

ತೋರಿಸೋಕೆ ಮೌಸ್ ಚೆನ್ನ. ಪದದ ಮೇಲೆ ಎರಡು ಸಲ ಒತ್ತಿದರೆ ಪದ ಹಿಡಿಯುತ್ತೆ. ಉದ್ದನೆಯ ಬರಹವನ್ನು ಎಳೆದು ಎಳೆದು ಹಿಡಿಯಬೇಡಿ, ಕೈ ಜಾರುತ್ತೆ. ಶುರುವಿನಲ್ಲಿ ಒಮ್ಮೆ ಕ್ಲಿಕ್ ಮಾಡಿ, ಕೆಳಗೆ ಹೋಗಿ ಶಿಫ್ಟ್ ಒತ್ತಿಕೊಂಡು ಇನ್ನೊಮ್ಮೆ ಕ್ಲಿಕ್ ಮಾಡಿ. ನಡುವಿನದೆಲ್ಲ ಬಂತು. ಹತ್ತಿರದ ಕೆಲಸಕ್ಕೆ ಮೌಸ್ ಬೇಡ. ಶಿಫ್ಟ್ ಜೊತೆ ಎಂಡ್ ಒತ್ತಿದರೆ ಸಾಲಿನ ತುದಿವರೆಗೆ ಹಿಡಿಯುತ್ತೆ. ಹೇಳೋ ಕೆಲಸ ಎಡಗೈಯದು. ಕಂಟ್ರೋಲ್ ಜೊತೆಗಿನ ಝಡ್ (ಮಾಡಿದ್ದು ರದ್ದು), ಎಕ್ಸ್ (ಕಟ್), ಸಿ (ಕಾಪಿ), ವಿ (ಪೇಸ್ಟ್) ಕೆಳಸಾಲಿನಲ್ಲಿ ಅಣ್ಣತಮ್ಮಂದಿರ ಹಾಗೆ ಪಕ್ಕಪಕ್ಕ ಕೂತಿವೆ. ಬಲಗೈ ಮೌಸ್ ಬಿಡಬೇಕಿಲ್ಲ.

ಈಗ ಪರದೆ ನೋಡಿ. 'ಸ್ತ್ರೀ' ಅಂತ ಬರೆದಿದ್ದೇನೆ. ಆ್ಯರೋ ಕೀ ಒಮ್ಮೆ ಒತ್ತಿದೆ, ಕರ್ಸರ್ ಇಡೀ ಅಕ್ಷರ ದಾಟಿತು. ಈಗ ಬ್ಯಾಕ್‌ಸ್ಪೇಸ್. 'ಈ'ಕಾರದ ಗುಣಿತ ಹೋಯಿತು. ಮತ್ತೊಮ್ಮೆ, ರ ಹೋಯಿತು. ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು: ಸ, ಹಲಂತ (ಒತ್ತು ಮೂಡಿಸುವ ಚಿಹ್ನೆ), ತ, ಹಲಂತ, ರ, 'ಈ'ಕಾರದ ಗುಣಿತ. ಅದೇ ಕರ್ಸರನ್ನು ಅಕ್ಷರದ ಎಡಕ್ಕಿಟ್ಟು ಡಿಲೀಟ್ ಒತ್ತಿ, ಒಂದೇ ಏಟಿಗೆ ಆರೂ ಮಾಯ. ಒತ್ತಕ್ಷರ ಮಾತ್ರ ತಪ್ಪಾಗಿದ್ದರೆ ಬ್ಯಾಕ್‌ಸ್ಪೇಸ್, ಇಡೀ ಅಕ್ಷರವೇ ಬೇಡವಾದರೆ ಡಿಲೀಟ್. ಇದು ಗೊತ್ತಿಲ್ಲದೆ ಎಷ್ಟು ವರ್ಷ ಪೂರ್ತಿ ಪದ ಅಳಿಸಿ ಮತ್ತೆ ಹೊಡೆದಿದ್ದೇನೋ!

ನನ್ನದೊಂದು ಎಡವಟ್ಟು ಹೇಳಲೇಬೇಕು. ಜಾತ್ರೆಗೆ ದೇಣಿಗೆ ಕೊಟ್ಟವರ ಪಟ್ಟಿ. ಒಬ್ಬರು ಬಂದು, "ತಮ್ಮಾ, ಅದು ಶಿವಪ್ಪ ಅಲ್ಲೋ, ಶರಣಪ್ಪ" ಅಂದರು. ಹೆಸರು ಮೂರು ಕಡೆ ಇತ್ತು. ಒಂದು ಪದ ಹುಡುಕಿ ಇನ್ನೊಂದು ಹಾಕುವ ಕಂಟ್ರೋಲ್ ಎಚ್ ಒತ್ತಿದೆ. ಪೂರ್ತಿ ಹೆಸರು ಹೊಡೆಯೋಕೆ ಸೋಮಾರಿತನ. 'ಶಿವ' ಇದ್ದಲ್ಲಿ 'ಶರಣ' ಅಂತ ಕೊಟ್ಟು ರಿಪ್ಲೇಸ್ ಆಲ್ ಮಾಡಿದೆ. ಶಿವಪುತ್ರಪ್ಪ ಹೋಗಿ ಶರಣಪುತ್ರಪ್ಪ ಆದರು. ಶಿವಾನಂದ ಶರಣಾನಂದ ಆದರು, ದೀರ್ಘದ ಗುಣಿತ ಬೇರೆಯೇ ಆದ್ದರಿಂದ ಅದೂ ಸಿಕ್ಕಿಬಿತ್ತು. ಒಬ್ಬ ಭಕ್ತರ ಊರು ಶರಣಮೊಗ್ಗ! ಪ್ರೂಫಿನಲ್ಲಿ ಸಿಕ್ಕಿತು, ಬಚಾವಾದೆ. ಆದರೆ ಅಷ್ಟರಲ್ಲಿ ಫೈಲ್ ಮುಚ್ಚಿಯಾಗಿತ್ತು, ಹಿಂದೆ ಹೋಗುವ ದಾರಿ ಇಲ್ಲ. ಹಳೇ ನೋಟ್‌ಪ್ಯಾಡಿನಲ್ಲಿ ಕಂಟ್ರೋಲ್ ಝಡ್ ಒಂದೇ ಹೆಜ್ಜೆ ಹಿಂದೆ ಹೋಗುತ್ತಿತ್ತು, ಎರಡನೇ ಸಲ ಒತ್ತಿದರೆ ಬಿಟ್ಟ ತಪ್ಪೇ ವಾಪಸ್ ಬರುತ್ತಿತ್ತು. ವಿಂಡೋಸ್ 11ರದ್ದು ಹಲವು ಹೆಜ್ಜೆ ಹಿಂದೆ ಹೋಗುತ್ತೆ. ಆದರೂ ನಾನು ರಿಪ್ಲೇಸ್ ಆಲ್ ಮುಟ್ಟಲ್ಲ. ತೋರಿಸದೆ ಹೇಳೋ ಕೆಲಸ ಅದು. ಒಂದೊಂದೇ ನೋಡಿ ಬದಲಿಸುತ್ತೇನೆ.

ಸೇವ್ ಮಾಡೋದರ ಬಗ್ಗೆ ಒಂದೇ ಮಾತು. ಹಳೇ ಕಂಪ್ಯೂಟರಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ರೀತಿ) ಜಾಗದಲ್ಲಿ ಯುಟಿಎಫ್-8 ಇದೆಯಾ ನೋಡಿ. ಕನ್ನಡ ಉಳಿಸದ ಆನ್ಸಿ ಇದ್ದರೆ ಎಚ್ಚರಿಕೆ ಬರುತ್ತೆ, ಓದದೆ ಓಕೆ ಒತ್ತಿದರೆ ನಿಮ್ಮ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ.

ಮಾತು ಸಾಕು. ಕಂಪ್ಯೂಟರ್ ಇಲ್ಲೇ ಇದೆ, ಮೌಸನ್ನು ಬೇಕಂತಲೇ ಬಿಚ್ಚಿಟ್ಟಿದ್ದೇನೆ. ಹೆಸರಿನಲ್ಲಿ ಒತ್ತಕ್ಷರ ಇರುವವರು ಮೊದಲು ಬನ್ನಿ.